ಯಶವಂತಪುರದಿಂದ ಗೋಗಿಗೆ

ತುಮಕೂರು ರಸ್ತೆಯ ಗೊರಗುಂಟೆಪಾಳ್ಯದಲ್ಲಿ, ಯಶವಂತಪುರ ರೈಲು ನಿಲ್ದಾಣದಿಂದ ಸ್ವಲ್ಪವೇ ದೂರದಲ್ಲಿ, ಭಾರತೀಯ ಗಣಿ ಬ್ಯೂರೋದ ಪ್ರಾದೇಶಿಕ ಕಚೇರಿ ಇದೆ. ಸಂಡೂರಿನ ಕಬ್ಬಿಣದ ಅದಿರಾಗಲಿ, ಕಲಬುರಗಿ ಸೀಮೆಯ ಸಿಮೆಂಟಿಗೆ ಬೇಕಾದ ಸುಣ್ಣದ ಕಲ್ಲಾಗಲಿ, ಎಷ್ಟು ಅಗೆಯಬೇಕು, ಮೇಲ್ಮಣ್ಣನ್ನು ಎಲ್ಲಿ ಸುರಿಯಬೇಕು, ಗಣಿ ಮುಚ್ಚುವಾಗ ಹೊಂಡವನ್ನು ಏನು ಮಾಡಬೇಕು ಎಂಬ ಕಡತಗಳು ಇಲ್ಲಿಗೆ ಬರುತ್ತವೆ. ಯುರೇನಿಯಂ ಮಾತ್ರ ಈ ಬಾಗಿಲಿಗೆ ಬರುವುದಿಲ್ಲ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಅದನ್ನು ಆರಂಭದಲ್ಲೇ ಹೊರಗಿಟ್ಟಿವೆ. ಅದರ ದಾರಿಯೇ ಬೇರೆ: ಹೈದರಾಬಾದಿನ ಪರಮಾಣು ಖನಿಜ ನಿರ್ದೇಶನಾಲಯ, ಮುಂಬೈಯ ಅಣುಶಕ್ತಿ ನಗರದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ದಿಲ್ಲಿಯ ಪರಿಸರ ಸಚಿವಾಲಯ.

ಸಂಕ್ರಾಂತಿ ಕಳೆದ ವಾರ ಯಲಹಂಕದ ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಯಶವಂತಪುರದಲ್ಲಿ ಬೀದರ್ ಕಡೆಯ ರಾತ್ರಿ ರೈಲು ಹತ್ತಿದರು. ಯಲಹಂಕದಲ್ಲೇ ಹತ್ತಬಹುದಿತ್ತು. ಆದರೆ ಜೊತೆಗೆ ಹೊರಟ ಹಳೆಯ ಶಿಷ್ಯ ಪೀಣ್ಯದಲ್ಲಿ ಕೆಲಸ ಮುಗಿಸಿ ಬರುವವನು, ಊರು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿ, ನೆಲದಡಿ ಯುರೇನಿಯಂ ಅದಿರು ಸಿಕ್ಕ ಜಾಗ. ಇಬ್ಬರ ಚೀಲದಲ್ಲೂ ಬಟ್ಟೆಗಿಂತ ಹೆಚ್ಚು ಜಾಗ ಹಿಡಿದದ್ದು ನೀರಿನ ಮಾದರಿ ತುಂಬಲೆಂದು ತೊಳೆದು ಒಣಗಿಸಿದ ಅರ್ಧ ಲೀಟರಿನ ಖಾಲಿ ಬಾಟಲಿಗಳು.

ಬಾಟಲಿಗಳ ಕಥೆ ಶುರುವಾದದ್ದು ಗೋಗಿಯಲ್ಲಲ್ಲ, ಮೇಷ್ಟ್ರ ಮನೆಯ ಹಿತ್ತಲಲ್ಲಿ. ಬೆಂಗಳೂರಿನ ಉತ್ತರ ದಿಕ್ಕಿನ ನೆಲದಡಿ ಇರುವುದು ಗ್ರಾನೈಟು, ನೈಸು. ಅಂಥ ಕಲ್ಲಿನಲ್ಲಿ ಯುರೇನಿಯಂ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಬಾವಿಯ ಕಾಲದಲ್ಲಿ ಅದು ಯಾರಿಗೂ ತೊಂದರೆ ಕೊಡಲಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ಇಳಿದ ಮೇಲೆ ಕಲ್ಲಿನ ಸಂದುಗಳಲ್ಲಿ ನೂರಾರು ವರ್ಷ ನಿಂತ ನೀರು ಮೇಲೆ ಬಂತು. ನೀರಿನ ಮಟ್ಟ ಕುಸಿದಂತೆ ಸಂದುಗಳಿಗೆ ಗಾಳಿ ಹೊಕ್ಕಿತು. ಆಮ್ಲಜನಕ ಮತ್ತು ಬೈಕಾರ್ಬೊನೇಟ್ ಸೇರಿದಲ್ಲಿ ಕಲ್ಲಿನ ಯುರೇನಿಯಂ ಕರಗಿ ನೀರಿಗಿಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ನೋಡಿತು. 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು, 48ರಲ್ಲಿ 60 ಮೀರಿತ್ತು. 2021ರಲ್ಲಿ ಈ ಸುದ್ದಿ ಓದಿದ ದಿನದಿಂದ ಮೇಷ್ಟ್ರು ತಮ್ಮ ಬೋರ್‌ವೆಲ್ಲಿನ ಬಳಿ ನಿಂತಾಗಲೆಲ್ಲ ಅದನ್ನೇ ಯೋಚಿಸುತ್ತಿದ್ದರು.

30 ಮತ್ತು 60, ಈ ಎರಡು ಅಂಕಿಗಳ ನಡುವೆ ಒಂದು ಕಥೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 30. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಹೇಳಿದ್ದು 60. ಮಂಡಳಿ ಲೆಕ್ಕ ಹಾಕಿದ್ದು ವಿಕಿರಣವನ್ನು. ಆದರೆ ಕುಡಿಯುವ ನೀರಿನಲ್ಲಿರುವ ಯುರೇನಿಯಂ ಮೊದಲು ಕಾಡುವುದು ವಿಕಿರಣದಿಂದಲ್ಲ, ಸೀಸದಂತೆ ಭಾರಲೋಹವಾಗಿ. ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಒಂದೇ ಲೋಟದ ನೀರನ್ನು ಒಬ್ಬರು ಅಣುವಿಜ್ಞಾನದ ಕಣ್ಣಿನಿಂದ, ಇನ್ನೊಬ್ಬರು ವೈದ್ಯರ ಕಣ್ಣಿನಿಂದ ನೋಡಿದರೆ ಮಿತಿ ಎರಡು ಪಟ್ಟು ಬದಲಾಗುತ್ತದೆ. ಕುಡಿಯುವವನಿಗೆ ಎರಡನೆಯ ಕಣ್ಣೇ ಮುಖ್ಯ.

ರೈಲು ಯಲಹಂಕ, ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರಿಗೆ ಬಂತು. ಕಿಟಕಿಯಾಚೆ ಕತ್ತಲು. ಈ ಊರಿನ ಬಳಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪನ ಮಾಪಕಗಳ ಸಾಲು 1965ರಿಂದ ಕೆಲಸ ಮಾಡುತ್ತಿದೆ. ಬೇರೆ ಖಂಡದಲ್ಲಿ ನೆಲದಡಿ ಅಣುಸ್ಫೋಟವಾದರೂ ಅದರ ಕಂಪನವನ್ನು ಇಲ್ಲಿ ಗುರುತಿಸಬಲ್ಲರು. ಅಷ್ಟು ಸೂಕ್ಷ್ಮವಾಗಿ ಅಳೆಯುವ ವಿದ್ಯೆ ನಮ್ಮಲ್ಲಿದೆ. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಣ್ಣುಮಕ್ಕಳು ಕೊಡದಲ್ಲಿ ಹೊತ್ತು ತರುವ ನೀರನ್ನು ತಿಂಗಳಿಗೊಮ್ಮೆ ಅಳೆದು ಊರಿಗೆ ತಿಳಿಸುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಹೆಬ್ಬಾಳ, ನಾಗವಾರ ಕಣಿವೆಗಳ ಸಂಸ್ಕರಿಸಿದ ಕೊಳಚೆ ನೀರನ್ನು ದಿನಕ್ಕೆ 21 ಕೋಟಿ ಲೀಟರಿನಂತೆ 65 ಕೆರೆಗಳಿಗೆ ಹರಿಸುವ ಯೋಜನೆ ಈ ಸೀಮೆಗೇ ಮಾಡಿದ್ದು. ಕೆರೆ ತುಂಬಿತೇ ಎಂದು ಎಲ್ಲರೂ ನೋಡುತ್ತಾರೆ. ಕೆರೆಯ ಕೆಳಗಿನ ಬೋರ್‌ವೆಲ್ಲಿನಲ್ಲಿ ಏನು ಬದಲಾಯಿತು ಎಂಬ ಲೆಕ್ಕವೂ ಅಷ್ಟೇ ಬಹಿರಂಗವಾಗಿ ಇರಬೇಕಿತ್ತು.

ಧರ್ಮಾವರಂ ಬಂದಾಗ ಶಿಷ್ಯ ಕೆಳಗಿಳಿದು ಚಹಾ ತಂದ. ಅಲ್ಲಿಂದ ಪೂರ್ವಕ್ಕೆ ಹೋದರೆ ಕಡಪ ಜಿಲ್ಲೆಯ ಪುಲಿವೆಂದುಲ, ಅದರ ಹತ್ತಿರ ತುಮ್ಮಲಪಲ್ಲೆ. ಯುರೇನಿಯಂ ಕಾರ್ಪೊರೇಷನ್ನಿನ, ಯುಸಿಐಎಲ್ ಎಂದು ಕರೆಯುವ ಸರ್ಕಾರಿ ಕಂಪನಿಯ, ದಕ್ಷಿಣ ಭಾರತದ ಗಣಿ ಮತ್ತು ಸಂಸ್ಕರಣಾ ಘಟಕ ಇರುವುದು ಅಲ್ಲಿ.

“ಸರ್, ಅಲ್ಲಿ ನಡೆದದ್ದೇ ನಮ್ಮೂರಲ್ಲೂ ನಡೀಬೇಕಿತ್ತಲ್ಲ?” ಎಂದ ಶಿಷ್ಯ.

ಹೌದು. ಕಲ್ಲಿನ ಜಾತಿಯೂ ಬಹುತೇಕ ಒಂದೇ, ಸುಣ್ಣದ ಅಂಶ ಹೆಚ್ಚಿರುವ ಕಲ್ಲು. ಇಂಥ ಅದಿರಿಗೆ ಆಮ್ಲ ಸುರಿದರೆ ಸುಣ್ಣವೇ ಆಮ್ಲವನ್ನು ತಿಂದುಹಾಕುತ್ತದೆ. ಹಾಗಾಗಿ ಅದಿರನ್ನು ಹಿಟ್ಟಿನಂತೆ ಅರೆದು ಸೋಡಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಬೇಯಿಸಿ ಯುರೇನಿಯಂ ಬಿಡಿಸುತ್ತಾರೆ. ಹೀಗೆ ಸಿಗುವ ಯುರೇನಿಯಂ ಸಂಯುಕ್ತದ ಹಳದಿ ಪುಡಿ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣಕ್ಕೆ ಹೋಗುತ್ತದೆ. ಉಳಿದದ್ದು ಕೆಸರು, ಅದಿರಿನ ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೂ. ಈ ಕೆಸರಿಗೆ ಟೈಲಿಂಗ್ಸ್ ಎನ್ನುತ್ತಾರೆ, ಅದನ್ನು ತುಂಬುವ ಹೊಂಡ ಟೈಲಿಂಗ್ಸ್ ಪಾಂಡ್. ಯುರೇನಿಯಂ ಹೋದರೂ ಅದರ ಸಂತಾನ ಅಲ್ಲೇ ಉಳಿಯುತ್ತದೆ. ಥೋರಿಯಂ-230, ಅದರಿಂದ ರೇಡಿಯಂ-226, ಅದರಿಂದ ರೇಡಾನ್ ಅನಿಲ. ಮೂಲ ಅದಿರಿನ ವಿಕಿರಣದಲ್ಲಿ ಸುಮಾರು ಶೇಕಡ 85ರಷ್ಟು ಕೆಸರಿನಲ್ಲೇ ಇರುತ್ತದೆ. ರೇಡಿಯಂ ಅರ್ಧಕ್ಕಿಳಿಯಲು ಬೇಕಾದದ್ದು 1,600 ವರ್ಷ. ಬಾದಾಮಿ ಚಾಲುಕ್ಯರ ಮೊದಲ ಅರಸನ ಕಾಲದಲ್ಲಿ ಒಂದು ಹೊಂಡ ತುಂಬಿದ್ದರೆ ಅದರ ಅರ್ಧಕ್ಕಿಂತ ಹೆಚ್ಚು ರೇಡಿಯಂ ಇವತ್ತಿಗೂ ಉಳಿದಿರುತ್ತಿತ್ತು.

ಆದ್ದರಿಂದ ಯುರೇನಿಯಂ ಗಣಿಯ ಮೇಲಿನ ಕಾವಲು ಎಂದರೆ ನಿಜಕ್ಕೂ ಆ ಹೊಂಡದ ಕಾವಲು. ತಳಕ್ಕೆ ಹಾಸಿದ ಜೇಡಿ ಮತ್ತು ಪ್ಲಾಸ್ಟಿಕ್ ಪದರ ಗಟ್ಟಿಯಾಗಿದೆಯೇ, ಸುತ್ತಲಿನ ಪರಿವೀಕ್ಷಣಾ ಬಾವಿಗಳ ನೀರು ಬದಲಾಗಿದೆಯೇ, ಒಣಗಿದ ಕೆಸರಿನ ದೂಳು ಹೊಲಕ್ಕೆ ಹಾರುತ್ತಿದೆಯೇ ಎಂಬ ಪ್ರಶ್ನೆಗಳನ್ನು ಗಣಿ ನಡೆಯುವಷ್ಟು ಕಾಲ ಮಾತ್ರವಲ್ಲ, ಅದು ಮುಚ್ಚಿ ಕಾರ್ಮಿಕರು ಊರು ಬಿಟ್ಟ ಮೇಲೂ ಕೇಳುತ್ತಿರಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕೋಟಿ ಟನ್ನಿಗೂ ಹೆಚ್ಚಿನ ಸೈನೈಡ್ ದಿಬ್ಬಗಳು ಕೆಜಿಎಫ್‌ನಲ್ಲಿ ಇಂದಿಗೂ ನಿಂತಿವೆ, ಗಾಳಿ ಬಂದಾಗ ಬಟ್ಟೆ ಒಣಹಾಕುವವರಿಗೆ ಅದು ಗೊತ್ತು. ತುಮ್ಮಲಪಲ್ಲೆಯ ಸುತ್ತಲಿನ ರೈತರು ಬಾಳೆ ಸುಡುತ್ತಿದೆ, ಬೋರ್ ನೀರು ಕೆಟ್ಟಿದೆ ಎಂದು ದೂರಿದಾಗ, 2018ರಲ್ಲಿ ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿ ಹೊಂಡದ ತಳಹಾಸಿನ ಬಗ್ಗೆ ಕಂಪನಿಗೆ ನೋಟಿಸು ಕೊಟ್ಟಿತು. ಮೊದಲು ಮಾತಾಡಿದ್ದು ಹೊಲದವರು ಎಂಬುದನ್ನು ಗಮನಿಸಬೇಕು.

ಯುಸಿಐಎಲ್ ಗಣಿ ಇರುವ ಜಾರ್ಖಂಡಿನ ಜಾದೂಗುಡದಲ್ಲೂ ಹಾಗೇ ಆಗಿತ್ತು. 2006ರ ಡಿಸೆಂಬರ್ 24ರಂದು ಕೆಸರು ಸಾಗಿಸುವ ಪೈಪು ಒಡೆದು ಡುಂಗ್ರಿಡೀಹ್ ಹಳ್ಳಿಯ ತೊರೆಗೆ ಗಂಟೆಗಟ್ಟಲೆ ಹರಿಯಿತು. ಒಡೆದಿದೆ ಎಂದು ಕಂಪನಿಗೆ ಹೋಗಿ ಹೇಳಿದವರು ಹಳ್ಳಿಯವರು. ಅಮೆರಿಕದಲ್ಲಿ 1979ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಚರ್ಚ್ ರಾಕ್ ಎಂಬಲ್ಲಿ ಇಂಥದೇ ಹೊಂಡದ ಏರಿ ಬಿರಿದು ಸುಮಾರು 35 ಕೋಟಿ ಲೀಟರ್ ದ್ರವ, ಸಾವಿರ ಟನ್ನಿಗೂ ಹೆಚ್ಚು ಕೆಸರು ಪುಯೆರ್ಕೊ ನದಿಗೆ ಹೋಯಿತು. ಆ ನೀರು ಕುಡಿಯುತ್ತಿದ್ದದ್ದು ನವಾಹೋ ಬುಡಕಟ್ಟಿನವರ ಕುರಿಗಳು. ಹೊಂಡಗಳಿಗಾಗಿಯೇ ಅಮೆರಿಕ ಒಂದು ಕಾನೂನು ಮಾಡಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಕಾಗದ ಸಿದ್ಧವಿತ್ತು, ಏರಿ ಸಿದ್ಧವಿರಲಿಲ್ಲ.

ರಾಯಚೂರು ದಾಟಿ ಕೃಷ್ಣೆಯ ಸೇತುವೆ ಸದ್ದು ಮಾಡಿದಾಗ ಮೇಷ್ಟ್ರು ಎಚ್ಚರವಾಗಿಯೇ ಇದ್ದರು. ಇನ್ನೂ ಕತ್ತಲಿರುವಾಗ ಯಾದಗಿರಿ. ಬೆಳಕು ಹರಿದ ಮೇಲೆ ಸಿಕ್ಕ ಬಸ್ಸು ಭೀಮಾ ನದಿ ದಾಟಿ ಶಹಾಪುರದ ದಾರಿ ಹಿಡಿಯಿತು. ಇಕ್ಕೆಲದಲ್ಲೂ ಕರಿಮಣ್ಣು. ತೊಗರಿ ಕಿತ್ತು ರಾಶಿ ಹಾಕಿದ್ದರು. ಕಾಲುವೆ ನೀರು ಬರುವಲ್ಲಿ ಭತ್ತ, ಬಾರದಲ್ಲಿ ಹತ್ತಿ. ಶಹಾಪುರದ ಬೆಟ್ಟ ಮಲಗಿದ ಬುದ್ಧನಂತೆ ಆಕಾಶಕ್ಕೆ ಮುಖ ಮಾಡಿತ್ತು.

ಗೋಗಿ ಇತಿಹಾಸದ ಪುಸ್ತಕ ಓದಿದವರಿಗೆ ಬೇರೆ ಕಾರಣಕ್ಕೆ ಗೊತ್ತು. ವಿಜಯಪುರದ ಆದಿಲ್‌ಶಾಹಿ ಮನೆತನ ಸ್ಥಾಪಿಸಿದ ಯೂಸುಫ್ ಆದಿಲ್ ಶಹಾ 1510ರಲ್ಲಿ ತೀರಿಕೊಂಡಾಗ ಮಣ್ಣಾದದ್ದು ಇಲ್ಲಿ, ತಾನು ನಂಬಿದ ಸೂಫಿ ಸಂತ ಚಂದಾ ಹುಸೇನಿಯ ದರ್ಗಾದ ನೆರಳಲ್ಲಿ. ಅವನ ನಂತರದ ಮೊದಲ ಅರಸರೂ ಅಲ್ಲೇ ಮಲಗಿದ್ದಾರೆ. ಗೋಳಗುಮ್ಮಟ ನೋಡಲು ಹೋಗುವ ಜನ ಈ ಊರಿಗೆ ಬರುವುದು ಕಡಿಮೆ. ಮನೆಗಳ ಚಾವಣಿಗೆ, ಅಂಗಳಕ್ಕೆ, ಕಟ್ಟೆಗೆ ಈ ಸೀಮೆಯ ಫರಸಿ ಕಲ್ಲು, ಬೆಂಗಳೂರಿನವರು ಶಹಾಬಾದ್ ಕಲ್ಲು ಎನ್ನುವ ಅದೇ ಚಪ್ಪಡಿ.

ಯುರೇನಿಯಂ ಸಿಕ್ಕಿದ್ದು ಈ ಸುಣ್ಣದ ಕಲ್ಲಿನ ಪದರವೂ ಅದರಡಿಯ ಗ್ರಾನೈಟೂ ಕೂಡುವ ಕಡೆ. ಕುರ್ಲಗೇರಿ, ಗೋಗಿ, ಗುಂಡಹಳ್ಳಿಗಳನ್ನು ಜೋಡಿಸುವ ಒಂದು ಭೂಸ್ತರಭಂಗ ಇದೆ. ಬಹಳ ಹಿಂದೆ ನೆಲ ಅಲ್ಲಿ ಸೀಳಿ ಕಲ್ಲು ನುಚ್ಚಾಗಿ, ಆ ನುಚ್ಚಿನ ಸಂದುಗಳಿಗೆ ಬಿಸಿನೀರು ಯುರೇನಿಯಂ ತಂದು ತುಂಬಿತು. ಮನೆಗೆ ಹಾಸಿದ ಫರಸಿಗೂ ಅದಕ್ಕೂ ಸಂಬಂಧವಿಲ್ಲ. ಅದಿರಿರುವುದು ಆಳದಲ್ಲಿ, ಆ ಸೀಳಿನ ಗುಂಟ. 1990ರ ದಶಕದಲ್ಲಿ ಪರಮಾಣು ಖನಿಜ ನಿರ್ದೇಶನಾಲಯದ ಭೂವಿಜ್ಞಾನಿಗಳು ಭೀಮಾ ಕಣಿವೆಯಲ್ಲಿ ಇದನ್ನು ಪತ್ತೆಹಚ್ಚಿದರು. ಸರಾಸರಿ ಸಾಂದ್ರತೆ ಶೇಕಡ 0.18ರ ಆಸುಪಾಸು. ತುಮ್ಮಲಪಲ್ಲೆಯದು 0.04ರ ಸುತ್ತ. ಭಾರತದ ಮಟ್ಟಿಗೆ ಗೋಗಿಯದು ಶ್ರೀಮಂತ ಅದಿರು. ಶ್ರೀಮಂತ ಎಂದರೂ ಒಂದು ಟನ್ ಕಲ್ಲಿಗೆ ಎರಡು ಕಿಲೋಗಿಂತ ಕಡಿಮೆ. ಉಳಿದ 998 ಕಿಲೋ ಕೆಸರಾಗಿ ಎಲ್ಲಾದರೂ ಇರಲೇಬೇಕು. ಆಮೇಲೆ ಯುಸಿಐಎಲ್ ಇಲ್ಲಿ ಶಾಫ್ಟ್ ಇಳಿಸಿ ಪರಿಶೋಧನಾ ಗಣಿ ಮಾಡಿತು. ರೈತರೂ ಸಂಘಟನೆಗಳೂ ವಿರೋಧಿಸಿದರು. ವಾಣಿಜ್ಯ ಗಣಿಗಾರಿಕೆ ಶುರುವಾಗಲಿಲ್ಲ. ಅದಿರು ನೆಲದಡಿ ಇದೆ, ದೇಶಕ್ಕೆ ರಿಯಾಕ್ಟರುಗಳು ಹೆಚ್ಚುತ್ತಿವೆ. ಪ್ರಶ್ನೆ ಮತ್ತೆ ಏಳುತ್ತದೆ ಎಂದೇ ಊರಿನವರ ಅಂದಾಜು.

ಶಿಷ್ಯನ ಕಾಕಾ ಕಟ್ಟೆಯ ಮೇಲೆ ಕಾಯುತ್ತಿದ್ದರು.

“ಬರ್ರಿ ಸರ್, ಬರ್ರಿ. ಮೊದಲ ಚಾ ಕುಡೀರಿ, ಆಮ್ಯಾಗ ನೀರಿನ ಮಾತು.”

ಚಹಾ ಮುಗಿದ ಮೇಲೆ ಮೇಷ್ಟ್ರು ಕೇಳಿದರು: “ಯಜಮಾನ್ರೇ, ನಿಮ್ಮೂರ ನೀರನ್ನ ಯಾರಾದ್ರೂ ಪರೀಕ್ಷೆ ಮಾಡಿದಾರಾ?”

“ಬರ್ತಾರ್ರಿ. ಯಾರ್ಯಾರೋ ಬರ್ತಾರ, ಬಾಟ್ಲಿ ತುಂಬ್ಕೊಂಡು ಹೋಗ್ತಾರ. ಏನ್ ಬಂತು ಅಂತ ತಿರುಗಿ ಬಂದು ಹೇಳಿದವ್ರು ಇಲ್ರಿ.” ಸ್ವಲ್ಪ ಸುಮ್ಮನಿದ್ದು ಮುಂದುವರಿಸಿದರು. “ಉಪ್ಪ ನೀರ ಇದ್ರ ನಾಲಿಗಿಗೆ ತಿಳೀತದ. ರಾಡಿ ಇದ್ರ ಕಣ್ಣಿಗೆ ಕಾಣ್ತದ. ಇದು ಕಣ್ಣಿಗೂ ಇಲ್ಲ, ನಾಲಿಗಿಗೂ ಇಲ್ಲ. ನಮಗ ಹ್ಯಾಂಗ್ ಗೊತ್ತಾಗಬೇಕ್ರಿ?”

ಮೇಷ್ಟ್ರು ಈ ಪ್ರಶ್ನೆಯನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಯುರೇನಿಯಂ ಗಣಿಯ ಉಸ್ತುವಾರಿಯ ಕುರಿತ ಎಷ್ಟೋ ವರದಿಗಳು ಎದುರಿಸದ ಪ್ರಶ್ನೆ ಅದು.

ವ್ಯವಸ್ಥೆ ಇಲ್ಲ ಎಂದಲ್ಲ. 1962ರ ಪರಮಾಣು ಶಕ್ತಿ ಕಾಯ್ದೆ, ಅದರಡಿ ಗಣಿ ಮತ್ತು ಖನಿಜಗಳ ಬಗ್ಗೆ 1984ರ ನಿಯಮಗಳು, ವಿಕಿರಣ ರಕ್ಷಣೆಗೆ 2004ರ ನಿಯಮಗಳು ಬಂದವು. ಗಣಿಯೊಳಗಿನ ಸುರಕ್ಷತೆಗೆ 1952ರ ಗಣಿ ಕಾಯ್ದೆ 2025ರವರೆಗೆ ಇತ್ತು. ಕಾರ್ಮಿಕನಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಹೊರಗಿನ ಜನಕ್ಕೆ 1 ಮಿಲಿಸೀವರ್ಟ್ ವಿಕಿರಣದ ಮಿತಿ. ಜಾಗ ಆರಿಸುವುದರಿಂದ ಹಿಡಿದು ಘಟಕ ನಡೆಸುವವರೆಗೆ ಹಂತಹಂತಕ್ಕೂ ಎಇಆರ್‌ಬಿಯ ಒಪ್ಪಿಗೆ ಬೇಕು. ಓದಲು ಬಿಗಿಯಾದ ವ್ಯವಸ್ಥೆಯೇ.

ಆದರೆ ಮನೆಯ ವಂಶವೃಕ್ಷ ಬರೆದು ನೋಡಿ. ಅದಿರು ಹುಡುಕುವವರು ಪರಮಾಣು ಖನಿಜ ನಿರ್ದೇಶನಾಲಯ. ಅಗೆಯುವವರು ಯುಸಿಐಎಲ್. ಗಣಿಯ ಸುತ್ತ ವಿಕಿರಣ ಅಳೆಯುವವರು ಭಾಭಾ ಕೇಂದ್ರದ ಪ್ರಯೋಗಾಲಯ. ಮೂರೂ ಪರಮಾಣು ಶಕ್ತಿ ಇಲಾಖೆಯ ಮಕ್ಕಳು. ಕಾವಲಿಗೆಂದು 1983ರ ನವೆಂಬರ್ 15ರಂದು ರಚಿಸಿದ ಎಇಆರ್‌ಬಿ ವರದಿ ಒಪ್ಪಿಸುತ್ತಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಇಲಾಖೆಯ ಕಾರ್ಯದರ್ಶಿ. ಅಲ್ಲಿ ಕೆಲಸ ಮಾಡುವ ವಿಜ್ಞಾನಿಗಳ ಪ್ರಾಮಾಣಿಕತೆಯ ಪ್ರಶ್ನೆ ಇದಲ್ಲ. ಅವರ ಅಳತೆ ಸರಿಯಾಗಿಯೇ ಇರಬಹುದು. ಆದರೆ ಅಡುಗೆ ಮಾಡಿದವರು, ಬಡಿಸಿದವರು, ರುಚಿ ನೋಡಿದವರು ಒಂದೇ ಮನೆಯವರಾದರೆ ಪಂಕ್ತಿಯಲ್ಲಿ ಕುಳಿತವನಿಗೆ ನಂಬಿಕೆ ಹುಟ್ಟುವುದು ಕಷ್ಟ. 2012ರಲ್ಲಿ ಮಹಾಲೇಖಪಾಲರು ಇದನ್ನೇ ಎತ್ತಿ ಹೇಳಿದರು: ಎಇಆರ್‌ಬಿಗೆ ಸ್ವತಂತ್ರ ನಿಯಂತ್ರಕನಿಗಿರಬೇಕಾದ ಕಾನೂನಿನ ಬಲವಿಲ್ಲ. ಅದಕ್ಕೂ ಮೊದಲೇ, 2011ರಲ್ಲಿ, ಸ್ವತಂತ್ರ ಪ್ರಾಧಿಕಾರಕ್ಕಾಗಿ ಮಸೂದೆ ಮಂಡಿಸಿದ್ದರು. 2014ರಲ್ಲಿ ಲೋಕಸಭೆಯ ಅವಧಿ ಮುಗಿಯುವುದರೊಂದಿಗೆ ಅದೂ ಮುಗಿಯಿತು.

ಈಗ 2025ರ ಡಿಸೆಂಬರಿನಲ್ಲಿ ಸಂಸತ್ತು ಶಾಂತಿ ಎಂಬ ಹೆಸರಿನ ಹೊಸ ಪರಮಾಣು ಕಾಯ್ದೆಗೆ ಒಪ್ಪಿಗೆ ಕೊಟ್ಟಿದೆ. 1962ರ ಕಾಯ್ದೆಯ ಜಾಗಕ್ಕೆ ಬರುವ ಇದು ಎಇಆರ್‌ಬಿಗೆ ಶಾಸನದ ಸ್ಥಾನ ಕೊಡುತ್ತದೆ. ನಾಲ್ಕು ದಶಕ ತಡವಾದರೂ ಇದು ಸರಿಯಾದ ಹೆಜ್ಜೆ.

ಅದಕ್ಕೆ ಮೂರು ತಿಂಗಳು ಮೊದಲು ಇಟ್ಟ ಹೆಜ್ಜೆ ಮಾತ್ರ ಗೋಗಿಯಂಥ ಊರುಗಳ ಎದುರಿನ ಬಾಗಿಲು ಮುಚ್ಚಿದೆ. 2025ರ ಸೆಪ್ಟೆಂಬರ್ 8ರ ಕಚೇರಿ ಜ್ಞಾಪನದಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜಗಳ ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಡ ಎಂದಿತು. ಶಾಮಿಯಾನ ಹಾಕಿ, ಜಿಲ್ಲಾಧಿಕಾರಿಗಳು ಬಂದು, ರೈತ ಮೈಕು ಹಿಡಿದು ತನ್ನ ಭಾಷೆಯಲ್ಲಿ ಪ್ರಶ್ನೆ ಕೇಳಿ, ಅದು ನಡಾವಳಿಯಲ್ಲಿ ದಾಖಲಾಗುತ್ತಿದ್ದ ಒಂದೇ ಒಂದು ದಿನ ಅದು. ಇಂಥ ಸಭೆಗಳಲ್ಲಿ ಗದ್ದಲವಾಗುತ್ತಿತ್ತು, ನಿಜ. ಆದರೂ ಡುಂಗ್ರಿಡೀಹ್‌ನಲ್ಲಿ ಪೈಪು ಒಡೆದದ್ದನ್ನು ನೋಡಿದವರು ಹಳ್ಳಿಯವರೇ ಆಗಿರುವಾಗ, ಅವರ ಬಾಯಿಯನ್ನು ಮೊದಲ ದಿನವೇ ಮುಚ್ಚುವ ಉಸ್ತುವಾರಿ ಅರ್ಧ ಕಣ್ಣು ಕಟ್ಟಿಕೊಂಡ ಉಸ್ತುವಾರಿ. ಈ ಜ್ಞಾಪನವನ್ನು ಹಿಂದಕ್ಕೆ ಪಡೆಯಬೇಕು.

ಮಧ್ಯಾಹ್ನ ಕಾಕಾ ಇಬ್ಬರನ್ನೂ ಊರ ಸುತ್ತ ಕರೆದೊಯ್ದರು. ಶಾಲೆಯ ಹತ್ತಿರದ ಬೋರ್, ಹೊಲದ ಬಾವಿ, ದರ್ಗಾದ ದಾರಿಯ ಕೈಪಂಪು. ಪ್ರತಿ ಬಾಟಲಿಯ ಮೇಲೂ ಮೇಷ್ಟ್ರು ಜಾಗ, ಆಳ, ತಾರೀಖು ಬರೆದರು. ಶುದ್ಧ ಕುಡಿಯುವ ನೀರಿನ ಘಟಕದ ಎದುರು ಹೆಂಗಸರು ನಾಣ್ಯ ಹಾಕಿ ಕ್ಯಾನು ತುಂಬುತ್ತಿದ್ದರು. ಆರ್‌ಒ ಯುರೇನಿಯಂ ಅನ್ನು ಬಹುಪಾಲು ತೆಗೆಯುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆದರೆ ಆರ್‌ಒ ತೆಗೆದದ್ದೆಲ್ಲ ಹಿಂದಿನ ಪೈಪಿನಲ್ಲಿ ಹೊರಬರುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೇಷ್ಟ್ರು ಘಟಕದ ಹಿಂದೆ ಹೋಗಿ ನೋಡಿದರು. ಚರಂಡಿಗೆ.

“ನಿಮ್ಮ ಬೆಂಗ್ಳೂರಾಗ ಇದನ್ನೆಲ್ಲಾ ನೋಡಾಕ ಮಂದಿ ಇರ್ತಾರಲ್ರಿ ಸರ್?” ಕಾಕಾ ಕೇಳಿದರು.

ಮೇಷ್ಟ್ರು ತಲೆಯಾಡಿಸಿದರು, ಇಲ್ಲ ಎಂದು. ಗೋಗಿಯಲ್ಲಿ ಮುಂದೊಂದು ದಿನ ಗಣಿ ಬಂದರೆ ದೂರದಿಂದಲಾದರೂ ಕಾಯಲು ಒಂದು ಮಂಡಳಿ ಇದೆ, ಹೆಸರು ಹಿಡಿದು ಕೇಳಲು ಒಂದು ಕಂಪನಿ ಇದೆ. ಯಲಹಂಕದ ಮನೆಯ ಬೋರ್‌ವೆಲ್ಲಿಗೆ, ಆರ್.ಟಿ. ನಗರದ ಅಪಾರ್ಟ್‌ಮೆಂಟಿಗೆ ಬರುವ ಟ್ಯಾಂಕರಿಗೆ ಅಷ್ಟೂ ಇಲ್ಲ. ಅಲ್ಲಿ ಯುರೇನಿಯಂ ಯಾರೂ ಅಗೆದದ್ದಲ್ಲ, ಆಳದಿಂದ ನೀರಿನ ಜೊತೆ ತಾನಾಗಿ ಬರುವಂಥದು. ಮೂತ್ರಪಿಂಡಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ವಾಪಸು ಬರುವ ರೈಲಿನಲ್ಲಿ ಶಿಷ್ಯ ಗ್ರಾಮ ಪಂಚಾಯಿತಿಗೆ ಒಂದು ಮನವಿ ಬರೆದ. ಮೇಷ್ಟ್ರು ತಿದ್ದಿದರು. ಗಣಿಯ ಮಾತು ಮತ್ತೆ ಬರುವ ಮೊದಲೇ ಊರಿನ ಎಲ್ಲ ಜಲಮೂಲಗಳ ಯುರೇನಿಯಂ, ರೇಡಿಯಂ ಪ್ರಮಾಣ ಅಳೆದು ದಾಖಲಿಸಬೇಕು. ಅಳೆಯುವವರಲ್ಲಿ ಇಲಾಖೆಗೆ ಸೇರದ ಒಂದು ಸಂಸ್ಥೆಯಾದರೂ ಇರಬೇಕು. ಫಲಿತಾಂಶವನ್ನು ಕನ್ನಡದಲ್ಲಿ, ಮಿತಿಯ ಅಂಕಿಯ ಪಕ್ಕದಲ್ಲೇ, ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು, ನರೇಗಾ ಕಾಮಗಾರಿಯ ಲೆಕ್ಕ ಬರೆಸುತ್ತಿದ್ದ ಹಾಗೆ. ಗಣಿ ಬರುವ ಮುಂಚಿನ ಅಳತೆ ಇಲ್ಲದಿದ್ದರೆ, ಬಂದ ಮೇಲೆ ನೀರು ಕೆಟ್ಟಿತೇ ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ. ತುಮ್ಮಲಪಲ್ಲೆಯಂಥ ಕಡೆ ರೈತರೂ ಕಂಪನಿಯೂ ವರ್ಷಗಟ್ಟಲೆ ವಾದ ಮಾಡಬೇಕಾಗುವುದು ಇಂಥ ಕೊರತೆಯಿಂದಲೇ.

ಯಲಹಂಕದಲ್ಲಿ ಇಳಿದ ಮೇಲೆ ಮೇಷ್ಟ್ರು ಗೋಗಿಯ ಬಾಟಲಿಗಳ ಜೊತೆಗೆ ತಮ್ಮ ಹಿತ್ತಲಿನ ಬೋರ್‌ವೆಲ್ಲಿನ ಒಂದು ಬಾಟಲಿಯನ್ನೂ ಸೇರಿಸಿ ಪ್ರಯೋಗಾಲಯಕ್ಕೆ ಕೊಟ್ಟರು. ಅರ್ಜಿಯಲ್ಲಿ “ಯುರೇನಿಯಂ” ಎಂದು ಕೈಯಾರೆ ಬರೆಯಬೇಕಾಯಿತು. ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವ ಸಾಮಾನ್ಯ ನೀರಿನ ಪರೀಕ್ಷೆಯ ಪಟ್ಟಿಯಲ್ಲಿ ಅದು ಇರುವುದಿಲ್ಲ. ಆಳದ ಬೋರ್‌ವೆಲ್ ನೀರು ಕುಡಿಯುವ ಓದುಗರು ಮುಂದಿನ ಸಲ ನೀರು ಪರೀಕ್ಷೆಗೆ ಕೊಡುವಾಗ ಆ ಒಂದು ಪದವನ್ನು ಬರೆದು ಕೊಡಿ.